ಬರೆದ ಕೈ ಯಾರದು?

ಮೈಸೂರು ಹೈಕೋರ್ಟಿನ ಒಂದು ಹಳೆಯ ತೀರ್ಪಿಗೆ ವಿಮಾ ವಲಯದಲ್ಲಿ ಇಂದಿಗೂ ಸಲ್ಲುತ್ತಿರುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಶ್ರೀನಿವಾಸ ಸೆಟ್ಟಿ ಪ್ರಕರಣವೆಂದು ವಕೀಲರು ಕರೆಯುವ, 1958ರ ಎ.ಐ.ಆರ್. (ಆಲ್ ಇಂಡಿಯಾ ರಿಪೋರ್ಟರ್) ಸಂಪುಟದಲ್ಲಿ ವರದಿಯಾದ ಆ ತೀರ್ಪು ಏಜೆಂಟನ ತಪ್ಪಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಿಲಯನ್ಸ್ ಲೈಫ್ ಪ್ರಕರಣದಲ್ಲಿ ಅದೇ ಉತ್ತರವನ್ನು ಎತ್ತಿಕೊಂಡು ಒಪ್ಪಿತು. ಎರಡೂ ಜೀವವಿಮೆಯ ವ್ಯಾಜ್ಯಗಳು. ಆದರೆ ಅಲ್ಲಿ ಹುಟ್ಟಿದ ತರ್ಕವನ್ನು ಇಂದು ಮನೆಯ ವಿಮೆಗೂ ತಂದು ಹೊರಿಸಲಾಗುತ್ತಿದೆ. ನನ್ನ ತಕರಾರು ಮುಖ್ಯವಾಗಿ ಈ ಸ್ಥಳಾಂತರದ ಬಗ್ಗೆ. ಮೂಲ ತರ್ಕದ ಬಗ್ಗೆಯೂ ಇದೆ.

ಮೈಸೂರು ತೀರ್ಪಿನಲ್ಲಿ ಆ ಉತ್ತರವಿರುವ ಪ್ಯಾರಾ ಹೇಳುವುದಿಷ್ಟು. ಪ್ರಪೋಸಲ್ ಫಾರ್ಮಿನಲ್ಲಿ ಉತ್ತರಗಳನ್ನು ಬರೆಯುವ ಅಧಿಕಾರವನ್ನು ಕಂಪನಿ ಏಜೆಂಟನಿಗೆ ಕೊಟ್ಟಿರುವುದಿಲ್ಲ. ಆದ್ದರಿಂದ ಅವನು ಬರೆಯಲು ಕೂತಾಗ ಕಂಪನಿಯ ಪ್ರತಿನಿಧಿಯಾಗಿ ಉಳಿಯದೆ ಗ್ರಾಹಕನ ಲಿಪಿಕಾರನಾಗುತ್ತಾನೆ. ಅವನಿಗೆ ತಿಳಿದ ಸತ್ಯ ಕಂಪನಿಗೆ ತಿಳಿದಂತೆ ಆಗುವುದಿಲ್ಲ. ಓದಿಯೋ ಓದದೆಯೋ ಗ್ರಾಹಕ ಸಹಿ ಹಾಕಿದನೆಂದರೆ ಆ ಉತ್ತರಗಳೆಲ್ಲ ಅವನವೇ. ತಪ್ಪು ಹೇಗೆ ನುಸುಳಿತು ಎಂಬ ವಿಚಾರಣೆಯೇ ಅಪ್ರಸ್ತುತ.

ಓದುವಾಗ ಸರಾಗವಾಗಿ ಇಳಿಯುವ ವಾದ ಇದು. ಅದಕ್ಕೇ ನಿಧಾನವಾಗಿ ನೋಡಬೇಕು. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯುವಲ್ಲೇ ನೆಲ ಕುಸಿದಿದೆ. ಕಂಪನಿ ಬರೆಯಲು ಅಧಿಕಾರ ಕೊಟ್ಟಿಲ್ಲ ಎಂದಮಾತ್ರಕ್ಕೆ ಗ್ರಾಹಕ ಕೊಟ್ಟಿದ್ದಾನೆ ಎಂದು ಹೇಗಾಗುತ್ತದೆ? ಒಬ್ಬನಿಗೆ ಇಬ್ಬರೂ ಅಧಿಕಾರ ಕೊಡದಿರಬಹುದು, ಇಬ್ಬರೂ ಕೊಟ್ಟಿರಬಹುದು. ಕಂಪನಿಯ ಫಾರ್ಮು ಹಿಡಿದು ಬಂದವನು, ಕಂಪನಿಯಿಂದ ಕಮಿಷನ್ ಪಡೆಯುವವನು, ಕಂಪನಿ ಕೇಳಿದ ಪ್ರಶ್ನೆಯನ್ನು ಓದಿ ಹೇಳುವವನು ಪೆನ್ನು ಕಾಗದಕ್ಕೆ ತಾಗಿದ ಕ್ಷಣದಲ್ಲಿ ಪಕ್ಷ ಬದಲಿಸುತ್ತಾನೆ ಎಂದು ನಂಬಲು ಆ ಪ್ಯಾರಾ ಯಾವ ಆಧಾರವನ್ನೂ ಕೊಡುವುದಿಲ್ಲ. ಆ ಕ್ಷಣಕ್ಕೆ ಮುಂಚೆಯೂ ಆಮೇಲೂ ಅವನು ಕಂಪನಿಯವನೇ. ಫಾರ್ಮಿನ ಮೇಲೆ ಬರೆಯುವ ಹತ್ತು ನಿಮಿಷ ಮಾತ್ರ, ಅದೂ ತಪ್ಪಾದರೆ ಮಾತ್ರ, ಅವನು ನಮ್ಮವನು.

ಇದು ಮೈಸೂರು ಹೈಕೋರ್ಟಿನಲ್ಲಿ ಹುಟ್ಟಿದ ಯೋಚನೆಯೂ ಅಲ್ಲ. 1929ರಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ನ್ಯೂಸ್‌ಹೋಮ್ ಪ್ರಕರಣದಲ್ಲಿ ಒಂದು ಬಸ್ಸಿನ ವಿಮೆಯ ಬಗ್ಗೆ ಹೇಳಿದ್ದೇ ಇದರ ತಾಯಿಬೇರು. ಅಲ್ಲಿ ಏಜೆಂಟನಿಗೆ ನಿಜ ಹೇಳಿದ್ದರೂ ಅವನು ತಪ್ಪು ಬರೆದಿದ್ದ, ನ್ಯಾಯಾಲಯ ಕಂಪನಿಯ ಪರ ನಿಂತಿತು. ಆದರೆ ಅದಕ್ಕೂ ಮೊದಲು, 1892ರ ಬಾಡನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬೇರೆ ದಾರಿ ಹಿಡಿದಿತ್ತು. ಒಂದು ಕಣ್ಣು ಕಳೆದುಕೊಂಡಿದ್ದ, ಓದು ಬರಹ ಬಾರದವನೊಬ್ಬನ ಅಪಘಾತ ವಿಮೆಯ ಫಾರ್ಮಿನಲ್ಲಿ ಅಂಗವೈಕಲ್ಯವಿಲ್ಲ ಎಂದಿತ್ತು. ಎದುರಿಗೆ ಕೂತ ಏಜೆಂಟನಿಗೆ ಆ ಕುರುಡು ಕಣ್ಣು ಕಾಣುತ್ತಿತ್ತು, ಆದ್ದರಿಂದ ಅದು ಕಂಪನಿಗೂ ತಿಳಿದಂತೆಯೇ ಎಂದಿತು ನ್ಯಾಯಾಲಯ. ಎರಡು ದಾರಿಗಳಿದ್ದವು, ನಾವು ಕಂಪನಿಗೆ ಅನುಕೂಲವಾದದ್ದನ್ನು ಆರಿಸಿಕೊಂಡೆವು.

ಈಗ ಮನೆಗೆ ಬರೋಣ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ಮಾರುತ್ತಿವೆ. ಅದರ ಲೆಕ್ಕ ಸರಳ: ಮನೆಯ ಕಾರ್ಪೆಟ್ ಏರಿಯಾವನ್ನು ಈಗಿನ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಕಟ್ಟಡದ ವಿಮಾ ಮೊತ್ತ ಸಿಗುತ್ತದೆ. ನಿವೇಶನದ ಬೆಲೆ ಅದರಲ್ಲಿ ಸೇರುವುದಿಲ್ಲ. ಮನೆಸಾಮಾನಿಗೆ ಪಟ್ಟಿ ಕೊಡದಿದ್ದರೂ ಕಟ್ಟಡದ ಮೊತ್ತದ ಶೇಕಡಾ 20, 10 ಲಕ್ಷ ರೂಪಾಯಿಯ ಮಿತಿಯೊಳಗೆ, ತಾನಾಗಿ ಸೇರಿಕೊಳ್ಳುತ್ತದೆ. ಇಷ್ಟು ಸರಳವಾದ ಪಾಲಿಸಿಯಲ್ಲಿ ತಪ್ಪು ನುಸುಳುವ ಜಾಗಗಳು ಕೆಲವೇ, ಆದರೆ ಪ್ರತಿಯೊಂದೂ ದುಬಾರಿ. ನಿವೇಶನ ಸೇರಿಸಿ ಮಾರುಕಟ್ಟೆ ಬೆಲೆ ಬರೆದರೆ ವರ್ಷವರ್ಷವೂ ಹೆಚ್ಚು ಪ್ರೀಮಿಯಂ ಕಟ್ಟುತ್ತೇವೆ. ಸಾಲದ ಬಾಕಿಯನ್ನೇ ವಿಮಾ ಮೊತ್ತವೆಂದು ಬರೆದರೆ ಬ್ಯಾಂಕಿಗೆ ನೆಮ್ಮದಿ, ಮನೆಯವರಿಗೆ ಕೊರತೆ. ಖಾತಾದಲ್ಲಿರುವ ಹೆಸರು ಬಿಟ್ಟು ಮಗನ ಹೆಸರು, ಹೊಸ ಡೋರ್ ನಂಬರ್ ಬಿಟ್ಟು ಹಳೆಯದು, ಮೇಲಿನ ಮಹಡಿ ಬಿಟ್ಟು ಕೆಳಗಿನದು ಮಾತ್ರ. ಮಲೆನಾಡಿನ ಹೆಂಚಿನ ಮನೆಗಂತೂ ಇನ್ನೊಂದು ಅಪಾಯವಿದೆ. ಹುಲ್ಲು, ಬಿದಿರು, ಹಲಗೆ, ಟಾರ್ಪಾಲಿನಂಥ ಗೋಡೆ ಅಥವಾ ಸೂರು ಇದ್ದರೆ ಮಾತ್ರ ಈ ಪಾಲಿಸಿಯ ಲೆಕ್ಕದಲ್ಲಿ ಕಚ್ಚಾ ಮನೆ. ಉಳಿದದ್ದೆಲ್ಲ ಪಕ್ಕಾ. ಮಂಗಳೂರು ಹೆಂಚು ಹೊದಿಸಿದ ಕಲ್ಲುಗೋಡೆಯ ಮನೆಯನ್ನು, ಹಳೆಯದು ಎಂಬ ಕಾರಣಕ್ಕೆ, ಏಜೆಂಟ್ ಕಚ್ಚಾ ಎಂದು ಗುರುತು ಹಾಕಿದರೆ ಅದು ಶುದ್ಧ ತಪ್ಪು.

ಈ ತಪ್ಪುಗಳ ಸ್ವಭಾವವನ್ನು ಗಮನಿಸಿ. ಜೀವವಿಮೆಯಲ್ಲಿ ಸತ್ಯ ಗ್ರಾಹಕನ ಒಡಲಿನಲ್ಲಿರುತ್ತದೆ. ಅವನ ಎದೆನೋವು, ಅವನ ಸಕ್ಕರೆ ಕಾಯಿಲೆ, ಬೇರೆ ಕಂಪನಿಯಲ್ಲಿ ಮಾಡಿಸಿದ ಪಾಲಿಸಿ ಅವನು ಹೇಳದೆ ತಿಳಿಯುವಂಥವಲ್ಲ. 2019ರ ಪ್ರಕರಣದಲ್ಲಿ ಮುಚ್ಚಿಟ್ಟದ್ದು ಎನ್ನಲಾದದ್ದೂ ಹಿಂದಿನ ಪಾಲಿಸಿಯ ಸಂಗತಿಯೇ. ಅಂಥ ಕಡೆ ಗ್ರಾಹಕನಿಂದ, ತಿಳಿದದ್ದನ್ನು ಮುಚ್ಚಿಡದ ಪರಮ ಸದ್ಭಾವವನ್ನು ನಿರೀಕ್ಷಿಸುವುದರಲ್ಲಿ ನ್ಯಾಯವಿದೆ. ಆದರೆ ಮನೆ ಬೀದಿಯಲ್ಲಿ ನಿಂತಿದೆ. ಸೂರು ಹೆಂಚಿನದೋ ಆರ್‌ಸಿಸಿಯದೋ ಎಂದು ಅಂಗಳದಲ್ಲಿ ನಿಂತವನಿಗೆ ತಿಳಿಯುತ್ತದೆ. ಎಷ್ಟು ಮಹಡಿ ಎಂದು ಎಣಿಸಬಹುದು. ವಿಸ್ತೀರ್ಣ ಅಳೆಯಬಹುದು, ಖಾತಾ ಕೇಳಿ ನೋಡಬಹುದು. ಜಗಲಿಯ ಮೇಲೆ ಕೂತು ಕಾಫಿ ಕುಡಿದು ಫಾರ್ಮು ತುಂಬಿದ ಏಜೆಂಟ್ ಕಣ್ಣಾರೆ ಕಂಡ ಮನೆಯ ಬಗ್ಗೆ ಕಂಪನಿಗೆ ಏನೂ ತಿಳಿದಿರಲಿಲ್ಲ ಎಂದು ವಾದಿಸುವುದು, ದೇಹದೊಳಗಿನ ರಹಸ್ಯಕ್ಕಾಗಿ ಮಾಡಿದ ನಿಯಮವನ್ನು ಬಯಲಿನಲ್ಲಿರುವ ವಸ್ತುವಿಗೆ ತೊಡಿಸುವುದಾಗಿದೆ.

ಪರಮ ಸದ್ಭಾವದ ತತ್ತ್ವಕ್ಕೆ ಮೂಲವೆಂದು ಎಲ್ಲರೂ ಹೆಸರಿಸುವ 1766ರ ಕಾರ್ಟರ್ ವಿರುದ್ಧ ಬೋಮ್ ತೀರ್ಪಿನ ಕತೆಯನ್ನೇ ನಮ್ಮ ವಿಮಾ ಪಂಡಿತರು ಅರ್ಧ ಹೇಳಿ ನಿಲ್ಲಿಸುತ್ತಾರೆ. ಸುಮಾತ್ರಾದ ಫೋರ್ಟ್ ಮಾರ್ಲ್‌ಬರೋ ಕೋಟೆಯ ಗವರ್ನರ್ ಅದು ಶತ್ರುಗಳ ಕೈಸೇರಬಹುದೆಂದು ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಅದನ್ನು ಹಿಡಿದರು. ಕೋಟೆ ದುರ್ಬಲವೆಂದು ಗವರ್ನರ್ ತಿಳಿಸಲಿಲ್ಲ ಎಂಬುದು ವಿಮೆ ಕೊಟ್ಟವನ ವಾದ. ಗ್ರಾಹಕ ತನಗೆ ತಿಳಿದದ್ದನ್ನು ಮುಚ್ಚಿಡಬಾರದು ಎಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದು ನಿಜ. ವಿಮೆ ಕೊಡುವವನು ತನಗೆ ತಿಳಿದಿದ್ದ, ತಿಳಿದಿರಬೇಕಾಗಿದ್ದ ಸಂಗತಿಯನ್ನು ಹೇಳಲಿಲ್ಲವೆಂದು ದೂರುವಂತಿಲ್ಲ ಎಂದೂ ಅದೇ ತೀರ್ಪಿನಲ್ಲಿ ಹೇಳಿದ. ಗೆದ್ದವನು ಗವರ್ನರ್. ಗ್ರಾಹಕನ ಪರವಾಗಿ ಬಂದ ತೀರ್ಪೊಂದು ಎರಡೂವರೆ ಶತಮಾನ ಗ್ರಾಹಕನ ವಿರುದ್ಧವೇ ಉಲ್ಲೇಖಗೊಳ್ಳುತ್ತಾ ಬಂದಿರುವುದು ನನಗೆ ನೋವಿನ ಸಂಗತಿ.

ಮನೆಯ ವಿಮೆಗೆ ನಿಜವಾಗಿ ಹೊಂದುವ ತೀರ್ಪು ಇನ್ನೊಂದಿದೆ, ನಮ್ಮಲ್ಲಿ ಅದನ್ನು ಎತ್ತುವವರು ಕಡಿಮೆ. ಇಂಗ್ಲೆಂಡಿನ 1972ರ ಸ್ಟೋನ್ ಪ್ರಕರಣ. ಫ್ಲಾಟಿನ ಸಾಮಾನಿಗೆ ಮಾಡಿಸಿದ ಬೆಂಕಿ ಮತ್ತು ಕಳ್ಳತನದ ಪಾಲಿಸಿ. ಹಳೆಯ ಪಾಲಿಸಿ ನಿಂತುಹೋಗಿತ್ತು. ಕಂಪನಿಯ ಇನ್‌ಸ್ಪೆಕ್ಟರ್ ಮನೆಗೆ ಬಂದು ಹೊಸದು ಮಾಡಿಸುವಂತೆ ಗೃಹಿಣಿಯನ್ನು ಒಪ್ಪಿಸಿದ, ತಾನೇ ಫಾರ್ಮು ತುಂಬಿದ. ಹಿಂದೆ ನಿಂತುಹೋದ ಪಾಲಿಸಿಯೂ ಇಲ್ಲ, ಕ್ಲೇಮೂ ಇಲ್ಲ ಎಂದು ಬರೆದ. ಎರಡೂ ಇದ್ದವು, ಅದೂ ಅದೇ ಕಂಪನಿಯಲ್ಲಿ. ಆಕೆ ಓದದೆ ಸಹಿ ಹಾಕಿದಳು. ಬೇರೆಯವರು ಬರೆದಿದ್ದರೆ ಅವರು ನನ್ನ ಪರವಾಗಿಯೇ ಬರೆದವರು ಎಂಬ ಘೋಷಣೆಯೂ ಫಾರ್ಮಿನಲ್ಲಿತ್ತು. ಆದರೂ ಲಾರ್ಡ್ ಡೆನ್ನಿಂಗ್ ಮತ್ತು ಅವರ ಜೊತೆಗಾರರು ಗ್ರಾಹಕನನ್ನು ಗೆಲ್ಲಿಸಿದರು. ಪ್ರಶ್ನೆ ಕೇಳಿ ಫಾರ್ಮು ತುಂಬುವುದು ಆ ಕಂಪನಿಯ ಪದ್ಧತಿಯೇ ಆಗಿತ್ತು, ಆದ್ದರಿಂದ ತಪ್ಪು ಕಂಪನಿಯದು. ನಮ್ಮ ಊರುಗಳಲ್ಲಿ ಏಜೆಂಟರು ಕೆಲಸ ಮಾಡುವ ರೀತಿಯನ್ನು ಬಲ್ಲವರು ಮೈಸೂರಿನ ತೀರ್ಪು ಮತ್ತು ಈ ಸ್ಟೋನ್ ತೀರ್ಪು ಇವೆರಡರಲ್ಲಿ ಯಾವುದು ನಮ್ಮ ಬದುಕಿಗೆ ಹತ್ತಿರವೆಂದು ಹೇಳಲು ತಡವರಿಸಲಾರರು.

ಮೈಸೂರು ತೀರ್ಪಿನ ಪರ ಹೇಳಬಹುದಾದ ಗಟ್ಟಿ ಮಾತೆಂದರೆ, ಏಜೆಂಟ್ ಮತ್ತು ಗ್ರಾಹಕ ಕೈಸೇರಿಸಿ ಸುಳ್ಳು ಬರೆದರೆ ಹೊರೆ ಉಳಿದ ಪಾಲಿಸಿದಾರರ ಮೇಲೆ ಬೀಳುತ್ತದೆ ಎಂಬುದು. ಒಪ್ಪುತ್ತೇನೆ. ಅಂಥ ಮೋಸವನ್ನು ಕಂಪನಿ ಸಾಬೀತುಮಾಡಲಿ. ಪ್ರಾಮಾಣಿಕರನ್ನೂ ಮೋಸಗಾರರನ್ನೂ ಒಂದೇ ಸಹಿಯಿಂದ ಅಳೆಯುವುದಕ್ಕೆ ಅದು ಸಮರ್ಥನೆಯಲ್ಲ.

ನನಗೆ ಹೆಚ್ಚು ಬೇಸರ ತರಿಸುವವರು ತೀರ್ಪನ್ನು ಸಮರ್ಥಿಸುವ ವಕೀಲರಲ್ಲ, ಪತ್ರಿಕೆಗಳ ಹಣಕಾಸು ಪುಟದಲ್ಲಿ ಸಲಹೆ ಬರೆಯುವವರು. ‘ಸಹಿ ಹಾಕುವ ಮುನ್ನ ಪೂರ್ತಿ ಓದಿ’ ಎಂಬಲ್ಲಿಗೆ ಅವರ ಲೇಖನ ಮುಗಿಯುತ್ತದೆ. ಯಾವ ಭಾಷೆಯಲ್ಲಿ ಓದುವುದು? ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಜನರ ಮುಂದೆ ಬರುವ ಫಾರ್ಮು ಸಾಮಾನ್ಯವಾಗಿ ಇಂಗ್ಲಿಷಿನದು. ಈಗಂತೂ ಕಾಗದವೂ ಮಾಯವಾಗುತ್ತಿದೆ. ಏಜೆಂಟ್ ತನ್ನ ಮೊಬೈಲಿನಲ್ಲಿ ತುಂಬುತ್ತಾನೆ, ಗ್ರಾಹಕನ ಫೋನಿಗೆ ಬಂದ ಓಟಿಪಿ ಕೇಳಿ ಒತ್ತುತ್ತಾನೆ, ಅಲ್ಲಿಗೆ ಒಪ್ಪಿಗೆ ಪೂರ್ಣ. ಪರದೆಯನ್ನೇ ನೋಡದವನು ಉತ್ತರಗಳನ್ನು ತನ್ನದಾಗಿಸಿಕೊಂಡ ಎನ್ನಲು 1950ರ ದಶಕದ ಆ ಪ್ಯಾರಾ ಸಾಕೇ? ಓದಿ ಎಂದು ಉಪದೇಶಿಸುವವರು ತಪ್ಪಿನ ಭಾರವನ್ನು ಮತ್ತೆ ಅದೇ ಹೆಗಲಿಗೆ ಏರಿಸುತ್ತಿದ್ದಾರೆ. ಫಾರ್ಮನ್ನು ಗ್ರಾಹಕನೇ ತುಂಬದಿದ್ದರೆ, ವಿವರಿಸಿ ಹೇಳಲಾಗಿದೆ ಎಂಬ ದೃಢೀಕರಣ ಬೇಕೆಂದು ಪ್ರಾಧಿಕಾರದ ನಿಯಮಗಳು ಹೇಳಿದ್ದವು. ಅದೂ ಕೊನೆಯಲ್ಲಿ ಸಣ್ಣಕ್ಷರದ ಇನ್ನೊಂದು ಸಹಿಯಾಗಿ ಮುಗಿಯಿತು.

ಇನ್ನೊಂದು ಗುಂಪು, ಸುಪ್ರೀಂ ಕೋರ್ಟಿನ ಈಚಿನ ತೀರ್ಪುಗಳಿಂದ ಸಮಸ್ಯೆ ಬಗೆಹರಿದಿದೆ ಎನ್ನುತ್ತದೆ. 2021ರ ಯುನೈಟೆಡ್ ಇಂಡಿಯಾ ಪ್ರಕರಣದಲ್ಲೂ 2024ರ ಫ್ಯೂಚರ್ ಜನರಾಲಿ ಪ್ರಕರಣದಲ್ಲೂ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪುಗಳು ಗ್ರಾಹಕನಿಗೆ ನಿಜವಾದ ಬಲ ಕೊಟ್ಟಿವೆ. ಮುಚ್ಚಿಟ್ಟದ್ದನ್ನು ಸಾಬೀತುಮಾಡುವ ಹೊರೆ ಕಂಪನಿಯದು ಎಂದು ಎರಡನೆಯದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಬರೆದ ಕೈ ಯಾರದು ಎಂಬ ಪ್ರಶ್ನೆಯನ್ನು ಅವು ಇತ್ಯರ್ಥಮಾಡಿಲ್ಲ. 2019ರ ಮಾತು ಹಾಗೇ ನಿಂತಿದೆ.

ನಿಂತಿರಬೇಕಾದ ಅಗತ್ಯವಿಲ್ಲ. 2019ರ ತೀರ್ಪು ವಿಚಾರ ಮಾಡಿದ್ದು 2009ರ ಅರ್ಜಿಯನ್ನು. 2015ರಲ್ಲಿ ತಿದ್ದುಪಡಿಯಾದ 1938ರ ವಿಮಾ ಕಾಯ್ದೆಯ 42ನೇ ಸೆಕ್ಷನ್ ಏಜೆಂಟರ ಎಲ್ಲ ಕೃತ್ಯ ಮತ್ತು ಲೋಪಗಳಿಗೆ ಕಂಪನಿಯೇ ಜವಾಬ್ದಾರಿ ಎಂದು ಹೇಳಿ, ಒಂದು ಕೋಟಿ ರೂಪಾಯಿಯವರೆಗಿನ ದಂಡವನ್ನೂ ಸೇರಿಸಿದೆ. ಅದು ದಂಡಕ್ಕಷ್ಟೇ ಸೀಮಿತ ಎನ್ನುವವರಿದ್ದಾರೆ. ಜವಾಬ್ದಾರಿಯ ಮಾತು ಮೊದಲು ಬಂದಿದೆ, ದಂಡ ಆಮೇಲೆ ಕೂಡಿಕೊಂಡಿದೆ. ದಂಡವೊಂದೇ ಉದ್ದೇಶವಾಗಿದ್ದರೆ ಮೊದಲಿನ ಮಾತು ಬೇಕಿರಲಿಲ್ಲ. 2016ರ ಏಜೆಂಟರ ನಿಯಮಗಳಲ್ಲಿನ ನೀತಿಸಂಹಿತೆಯೋ ಫಾರ್ಮಿನಲ್ಲಿ ಏನು ತಿಳಿಸಬೇಕೆಂದು ಗ್ರಾಹಕನಿಗೆ ವಿವರಿಸುವುದನ್ನು ಏಜೆಂಟನ ಕರ್ತವ್ಯವಾಗಿಸಿದೆ, ಗ್ರಾಹಕನ ಬಗ್ಗೆ ಕಂಪನಿಗೆ ಗೌಪ್ಯ ವರದಿ ಕೊಡುವುದನ್ನೂ ಹೇಳಿದೆ. ನನ್ನ ಬಗ್ಗೆ ಗುಟ್ಟಾಗಿ ಎದುರು ಪಕ್ಷಕ್ಕೆ ವರದಿ ಮಾಡುವವನು ನನ್ನ ಲಿಪಿಕಾರ ಹೇಗಾದಾನು? 1872ರ ಕರಾರು ಕಾಯ್ದೆಯ 229ನೇ ಸೆಕ್ಷನ್ ಕೂಡ, ವ್ಯವಹಾರದ ನಡುವೆ ಏಜೆಂಟನಿಗೆ ತಿಳಿದದ್ದು ಅವನ ಯಜಮಾನನಿಗೂ ತಿಳಿದಂತೆ ಎನ್ನುತ್ತದೆ.

ಮೂಲ ನಿಯಮ ಹುಟ್ಟಿದ ದೇಶವೇ ಅದನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿದೆ. 2013ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬ್ರಿಟನ್ನಿನ ಗ್ರಾಹಕ ವಿಮಾ ಕಾಯ್ದೆಯಂತೆ, ಕಂಪನಿಯ ಸ್ಪಷ್ಟ ಅನುಮತಿಯಿಂದ ಮಾಹಿತಿ ಸಂಗ್ರಹಿಸುವವನು ಕಂಪನಿಯ ಏಜೆಂಟನೇ. ಗ್ರಾಹಕನಿಂದ ನಿರೀಕ್ಷಿಸುವುದು ಸಮಂಜಸವಾದ ಎಚ್ಚರಿಕೆಯನ್ನಷ್ಟೇ. ಅಜಾಗರೂಕತೆಯಿಂದ ತಪ್ಪಾದರೆ, ನಿಜ ತಿಳಿದಿದ್ದರೂ ಕಂಪನಿ ವಿಮೆ ಕೊಡುತ್ತಿತ್ತು ಎಂದಾದಲ್ಲಿ, ಕ್ಲೇಮನ್ನು ಪ್ರಮಾಣಾನುಸಾರ ಕಡಿತ ಮಾಡಬಹುದೇ ಹೊರತು ಪಾಲಿಸಿಯನ್ನೇ ಹರಿದೆಸೆಯುವಂತಿಲ್ಲ. ಹಳೆಯ ಕಾನೂನನ್ನು ಎರವಲು ತಂದವರು ಅದರ ತಿದ್ದುಪಡಿಯನ್ನೂ ತರಬಹುದಿತ್ತು.

ಕಾನೂನು ಬದಲಾಗುವವರೆಗೆ ಮನೆಯವರು ಮಾಡಬೇಕಾದದ್ದು ಇಷ್ಟು. ತುಂಬಿದ ಪ್ರಪೋಸಲ್ ಫಾರ್ಮಿನ ಪ್ರತಿಯನ್ನು ಕಂಪನಿಯಿಂದ ಕೇಳಿ ಪಡೆಯಿರಿ. ತಪ್ಪು ಕಂಡರೆ ಏಜೆಂಟನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ, ಅವನು ‘ನಾನು ಸರಿಮಾಡಿಸ್ತೀನಿ ಬಿಡಿ ಸಾರ್’ ಎನ್ನುತ್ತಾನೆ. ಕಂಪನಿಗೇ ಬರೆದು ಪಾಲಿಸಿಯ ತಿದ್ದುಪಡಿ (ಎಂಡಾರ್ಸ್‌ಮೆಂಟ್) ಕೇಳಿ, ಏಜೆಂಟನೊಡನೆ ನಡೆದ ವಾಟ್ಸಾಪ್ ಮಾತುಕತೆ ಮತ್ತು ಮನೆಯ ಫೋಟೋಗಳನ್ನು ಇಟ್ಟುಕೊಳ್ಳಿ. ನಷ್ಟವಾದ ಮೇಲೆ ತಪ್ಪು ಬಯಲಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 2021ರ ತಿದ್ದುಪಡಿಯ ನಂತರ ಏಜೆಂಟರ ಸೇವಾಲೋಪವೂ ಒಂಬುಡ್ಸ್‌ಮನ್‌ರ ವ್ಯಾಪ್ತಿಗೆ ಬಂದಿದೆ. ದೂರಿನಲ್ಲಿ 42ನೇ ಸೆಕ್ಷನ್ನನ್ನು ಹೆಸರಿಸಿಯೇ ಬರೆಯಿರಿ.