ಉಡಾಳನೂ ರೌಡಿಯೂ

ಕಳೆದ ವಾರ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಪಕ್ಕದ ಪ್ರಯಾಣಿಕರು ಬಿಡಿಸಿ ಹಿಡಿದಿದ್ದ ವೃತ್ತಪತ್ರಿಕೆಯ ದಪ್ಪಕ್ಷರಗಳಲ್ಲಿ ‘ರೌಡಿಶೀಟರ್’ ಎಂಬ ಪದವನ್ನು ನಾನು ಓರೆಗಣ್ಣಿನಿಂದ ಓದುತ್ತಿರುವಾಗಲೇ, ಮುಂದಿನ ಆಸನದ ಕಿಟಕಿಯಿಂದ ಅರ್ಧ ದೇಹವನ್ನು ಹೊರಚಾಚಿ ದೇಸೂರಿನ ಎಮ್ಮೆಗಳನ್ನು ಕೂಗಿ ಕರೆಯುತ್ತಿದ್ದ ಬಾಲಕನೊಬ್ಬನನ್ನು ಅವನ ಅಜ್ಜಿ ಅಂಗಿ ಹಿಡಿದು ಒಳಗೆಳೆದು, “ಏ ಉಡಾಳ, ಸುಮ್ನ ಕುಂಡ್ರು” ಎಂದು ಗದರಿಸಿ, ಆ ಗದರಿಕೆ ಆರುವ ಮೊದಲೇ ಅವನ ಬಾಯಿಗೆ ಒಂದು ಚೂರು ಕುಂದಾ ಇಟ್ಟಳು. ಪದಗಳ ಬೆನ್ನುಹತ್ತುವುದನ್ನೇ ವ್ಯಸನ ಮಾಡಿಕೊಂಡವನಿಗೆ ಆ ದಿನದ ಟಿಕೆಟ್ಟಿನ ಹಣ ಅಲ್ಲಿಗೇ ಸಂದಿತು.

ರೌಡಿ ಎಂಬ ಪದ ಹುಟ್ಟಿದ್ದು 19ನೆಯ ಶತಮಾನದ ಆದಿಭಾಗದಲ್ಲಿ, ಇಂಗ್ಲೆಂಡಿನಲ್ಲಲ್ಲ, ಅಮೆರಿಕದಲ್ಲಿ. ಜಗಳವೆಂಬ ಅರ್ಥದ ‘ರೌ’ ಅದರ ಮೂಲವಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಆದರೆ ಅದರ ಪ್ರಥಮಾರ್ಥ ಪಾತಕಿಯೆಂದಲ್ಲ, ಕಾಡಂಚಿನಲ್ಲಿ ವಾಸಿಸುವ ಒರಟನೆಂದು. ಪಟ್ಟಣದ ನಯವಂತನು ಅರಣ್ಯವಾಸಿಗೆ ಇಟ್ಟ ಹೆಸರದು. ಆ ಲೆಕ್ಕದಲ್ಲಿ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನೊಳಗೆ ಯಾರ ಗೊಡವೆಗೂ ಹೋಗದೆ ಬಾಳುವ ಸಾಧುಜನರೆಲ್ಲರೂ ರೌಡಿಗಳೇ ಆಗಬೇಕಾಗಿತ್ತು!

ಇಂಗ್ಲಿಷಿನಲ್ಲಿ ಅದೀಗ ಬಹುಮಟ್ಟಿಗೆ ವಿಶೇಷಣವಾಗಿಯೇ ಉಳಿದಿದೆ. ಅಲ್ಲಿ ಗದ್ದಲದ ಔತಣಕೂಟವೂ ರೌಡಿಯೇ, ಮರುದಿನ ಬೆಳಗಾದರೆ ಆ ದೋಷ ತೀರಿತು. ನಮ್ಮಲ್ಲಿಯಾದರೋ ಅದು ನಾಮಪದವಾಗಿ, ಠಾಣೆಯ ದಫ್ತರವನ್ನು ಸೇರಿ, ‘ಶೀಟರ್’ ಎಂಬ ಬಾಲವನ್ನೂ ಪಡೆದು, ಮನುಷ್ಯನ ಹೆಸರಿಗೆ ಬಿರುದಿನಂತೆ ಅಂಟಿಕೊಂಡಿತು. ಲಂಡನ್ನಿನವನೊಬ್ಬನಿಗೆ ರೌಡಿಶೀಟರ್ ಎಂದರೆ ಅವನು ಹಾಸಿಗೆಯ ಹೊದಿಕೆಯನ್ನು ನೆನೆದಾನು. ಈ ಸಾಲಕ್ಕೆ ಪ್ರತಿಯಾಗಿ ನಾವೂ ಅವರಿಗೆ ಕೊಟ್ಟಿದ್ದೇವೆ: ನಮ್ಮ ‘ಠಕ್ಕ’ನ ಬಂಧುವಾದ ಹಿಂದಿಯ ‘ಠಗ್’, ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ 1839ರ ಕಾದಂಬರಿಯಿಂದ ಇಂಗ್ಲೆಂಡಿನ ಮನೆಮಾತಾಯಿತು.

ಆದರೆ ಈ ಜಾತಿಯ ಪದಗಳೆಲ್ಲಕ್ಕೂ ಒಂದು ಸಾಮಾನ್ಯಗುಣವಿದೆ: ಅವು ಮಾಡಿದವನನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಆಡಿದವನ ಆಸನವನ್ನು ತೋರಿಸುತ್ತವೆ. ಒಂದೇ ಬಗೆಯ ಕೂಗಾಟ ಖಡೇಬಜಾರಿನಲ್ಲಿ ನಡೆದರೆ ದಾಂಧಲೆ, ಶಾಲೆಯಲ್ಲಿ ನಡೆದರೆ ಪುಂಡಾಟ, 2012ರಲ್ಲಿ ಉದ್ಘಾಟಿತವಾದ ನಮ್ಮ ಸುವರ್ಣಸೌಧದ ಚಳಿಗಾಲದ ಅಧಿವೇಶನದಲ್ಲಿ ನಡೆದರೆ ಸಂಸ್ಕೃತದ ಜರತಾರಿ ಹೊದ್ದ ‘ಕೋಲಾಹಲ’! ಇನ್ನು ‘ಪುಂಡ’ನನ್ನೇ ನೋಡಿ. ಇಂದು ತುಂಟ ಹುಡುಗನಿಗೂ ಸಲ್ಲುವ ಈ ಮಾತು, ಹಿಂದೆ ಮರಾಠಿಯಲ್ಲಿ ಪಾಳೇಗಾರನೊಡನೆ ಜೋಡಿಯಾಗಿ, ಅರಸನ ಆಜ್ಞೆಗೆ ಬಗ್ಗದವನನ್ನು ಸೂಚಿಸುತ್ತಿತ್ತು.

ನಾನು ಆ ದಿನ ಹೊರಟಿದ್ದುದು ಖಾನಾಪುರದಾಚೆಯ ನಂದಗಡಕ್ಕೆ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರಕಾರ ದಂಗೆಕೋರನೆಂದು ಬಗೆದು, 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರದು. ಸರಕಾರದ ಕಡತಕ್ಕೆ ಅದೇ ಕಡೆಯ ಮಾತು, ಜನರಿಗಲ್ಲ. ಅವನ ಸಮಾಧಿಯ ಬಳಿಯ ಆಲದಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಹರಕೆಯ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.

ಖಾನಾಪುರದಲ್ಲಿ ಇಳಿಯುವಾಗ, ಮೊಮ್ಮಗನ ತುಂಟತನವನ್ನು ಕುರಿತು ನಾನೇನೋ ವಿನೋದವಾಡಿದೆ. ಅಜ್ಜಿ ಅವನ ಅಂಗಿಯನ್ನು ಹಿಡಿದ ಕೈ ಸಡಿಲಿಸದೆಯೇ ನಕ್ಕಳು: “ರಾಯಣ್ಣಗ ಹರಕಿ ಹೊತ್ತು ಪಡದ ಕೂಸರೀ. ಉಡಾಳ ಆಗ್ದ ಮತ್ತೇನ ಆಗ್ತಾನ?”