ಕಲ್ಲುಬೆಟ್ಟಗಳ ಸೀಮೆಗೊಂದು ಬೈಕ್ ಯಾನ: ದಾರಿ ಗೊತ್ತುಮಾಡುವುದೂ ಒಂದು ಓದು

ಬೈಕ್ ಏರಿ ಬೆಟ್ಟಗಳ ನಾಡಿಗೆ ಹೊರಡುವವರ ಬರಹಗಳು ಈಚೆಗೆ ಕನ್ನಡದಲ್ಲಿ ಹೆಚ್ಚುತ್ತಿವೆ. ಅತ್ತ ಲಡಾಖ್, ಸ್ಪಿತಿ, ಮನಾಲಿ. ಇತ್ತ ಕೊಡಗು, ಚಿಕ್ಕಮಗಳೂರು, ಆಗುಂಬೆ. ಇವನ್ನು ಒಂದರ ಹಿಂದೊಂದು ಓದುತ್ತಾ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬೆಟ್ಟವೆಂದರೆ ಒಂದೋ ಹಿಮ, ಇಲ್ಲವೇ ಹಸಿರು. ಬರಿ ಕಲ್ಲಿನ ಬೆಟ್ಟ ಬಂದರೆ ಅದು ದಾಟಿ ಹೋಗಬೇಕಾದ ಬಯಲು, ಬಿಸಿಲು, 'ಇನ್ನೂ ಇಷ್ಟು ಕಿಲೋಮೀಟರ್ ಬಾಕಿ' ಎಂಬ ಲೆಕ್ಕ. ಯಾದಗಿರಿಯ ಕೋಟೆಬೆಟ್ಟದ ನೆರಳಲ್ಲಿ ಬೆಳೆದ ಹುಡುಗನೂ ರಜೆ ಸಿಕ್ಕರೆ ಮುಳ್ಳಯ್ಯನಗಿರಿಯ ಕಡೆಗೆ ಗಾಡಿ ತಿರುಗಿಸುತ್ತಾನೆ. ತಪ್ಪೇನಿಲ್ಲ. ಆದರೆ ಆ ಆಯ್ಕೆ ಕೇವಲ ಅವನದಲ್ಲ. ಯಾವ ಬೆಟ್ಟ ಚೆಂದ ಎಂಬುದನ್ನು ನಮ್ಮ ಓದು ಅವನಿಗೆ ಮೊದಲೇ ಹೇಳಿಕೊಟ್ಟಿರುತ್ತದೆ.

ಹೀಗಾಗಿ ಬೈಕ್ ಪ್ರವಾಸದ ಯೋಜನೆಯನ್ನು ಸಾಹಿತ್ಯದ ಪ್ರಶ್ನೆಯಾಗಿಯೂ ನೋಡಬಹುದು ಅನ್ನಿಸುತ್ತದೆ. ಯಾವ ದಾರಿ ಹಿಡಿಯಬೇಕು, ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಮಾಡುವಾಗಲೇ ಪ್ರವಾಸ ಕಥನದ ಮೊದಲ ಕರಡು ಸಿದ್ಧವಾಗುತ್ತದೆ. ಮುಂದೆ ಬರೆಯುವುದು ಆ ಕರಡಿನ ವಿಸ್ತರಣೆ, ಅಥವಾ ಅದರ ಜೊತೆಗಿನ ಜಗಳ.

ಮೋಟಾರ್‌ಸೈಕಲ್ ಬಗ್ಗೆ ಬಂದ ಎರಡು ಪ್ರಸಿದ್ಧ ಪುಸ್ತಕಗಳನ್ನೇ ನೋಡಿ. ರಾಬರ್ಟ್ ಪಿರ್ಸಿಗ್‌ನ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಬಂದದ್ದು 1974ರಲ್ಲಿ. ಅಪ್ಪ, ಮಗ ಅಮೆರಿಕದ ಮಿನ್ನೆಸೋಟದಿಂದ ಕ್ಯಾಲಿಫೋರ್ನಿಯಾದವರೆಗೆ ಹೋಗುವ ಕಥೆ ಅದು. ನಿರೂಪಕ ಹೆದ್ದಾರಿಗಳನ್ನು ಬೇಕೆಂದೇ ಬಿಟ್ಟು ಹಳ್ಳಿಯ ರಸ್ತೆಗಳನ್ನು ಆರಿಸುತ್ತಾನೆ. ಚೀಲದಲ್ಲಿ ಏನೇನು ಇಟ್ಟುಕೊಂಡೆ ಎಂದು ಪಟ್ಟಿ ಕೊಡುತ್ತಾನೆ. ಬಟ್ಟೆ, ಪಾನಾ, ಗಾಡಿಯ ಕೈಪಿಡಿ, ಅವುಗಳ ಜೊತೆಗೆ ಥೋರೋನ 'ವಾಲ್ಡನ್'. ರಾತ್ರಿ ತಂಗಿದಲ್ಲಿ ಅದನ್ನು ಮಗನಿಗೆ ಸ್ವಲ್ಪ ಸ್ವಲ್ಪವೇ ಓದಿ ಹೇಳುತ್ತಾನೆ. ಗಾಡಿಯನ್ನೂ ಪುಸ್ತಕವನ್ನೂ ಒಂದೇ ಚೀಲದಿಂದ ನೋಡಿಕೊಳ್ಳುವ ಈ ಕ್ರಮವೇ ಆ ಕೃತಿಯ ವಿಚಾರಕ್ಕೆ ಬೇರು. ಇನ್ನೊಂದು, ಚೆ ಗೆವಾರನ 'ಮೋಟಾರ್‌ಸೈಕಲ್ ಡೈರೀಸ್'. 1952ರಲ್ಲಿ ಗೆಳೆಯ ಅಲ್ಬರ್ಟೊ ಗ್ರನಾಡೊ ಜೊತೆ ಹಳೆಯ ನಾರ್ಟನ್ ಗಾಡಿಯಲ್ಲಿ ಹೊರಟ ಚೆ ಚಿಲಿ ತಲುಪುವ ಹೊತ್ತಿಗೆ ಗಾಡಿ ಕೈಕೊಟ್ಟಿತು. ಅಲ್ಲಿಂದ ಮುಂದೆ ನಡಿಗೆ, ಲಾರಿ, ಹಡಗು. ಗಾಡಿ ಸತ್ತ ಮೇಲೆಯೇ ಆ ಬರಹಕ್ಕೆ ಗಣಿಯ ಕೂಲಿಗಳು, ಕುಷ್ಠರೋಗಿಗಳು, ದಾರಿಬದಿಯ ಬಡವರು ಬರುತ್ತಾರೆ. ಒಂದು ಕೃತಿಯನ್ನು ಯೋಜನೆ ಬೆಳೆಸಿತು, ಇನ್ನೊಂದನ್ನು ಯೋಜನೆ ಮುರಿದದ್ದು ಬೆಳೆಸಿತು. ಎರಡರಲ್ಲೂ ಬೆಟ್ಟದ ಚೆಲುವು ತಾನಾಗಿ ಬಂದು ಕಾಗದದ ಮೇಲೆ ಕೂತಿಲ್ಲ.

ಕನ್ನಡಕ್ಕೆ ಬಂದರೆ, ಬೆಟ್ಟವನ್ನು ನೋಡುವ ನಮ್ಮ ಕಣ್ಣನ್ನು ತಿದ್ದಿದ ಪುಸ್ತಕಗಳಲ್ಲಿ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ದೊಡ್ಡದು. ಕಾಡು, ಮಳೆ, ಮಂಜು, ಇಳಿಜಾರು ನಮ್ಮ ಗದ್ಯದಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟವೆಂದರೆ ಬಯಲುಸೀಮೆಯ ಓದುಗರೂ 'ಪ್ರಕೃತಿ' ಎಂದೊಡನೆ ಅದನ್ನೇ ನೆನೆಯುತ್ತಾರೆ. ಆದರೆ ಇನ್ನೊಂದು ದಾರಿಯೂ ನಮ್ಮಲ್ಲಿತ್ತು. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ' ಹಂಪಿಯ ಬಂಡೆಗಳ ನಡುವೆ ನಡೆದ ಪ್ರವಾಸ. ಅಲ್ಲಿ ಕಲ್ಲು ಬರಿ ಕಲ್ಲಾಗಿ ಉಳಿಯುವುದಿಲ್ಲ, ಹಾಳಾದ ಪಟ್ಟಣವೊಂದರ ನೆನಪಾಗುತ್ತದೆ. ಬಂಡೆಗಳ ಸೀಮೆಯನ್ನು ಕಾಣಬೇಕಾದರೆ ಇತಿಹಾಸವನ್ನು ಓದಿಕೊಂಡು ಹೋಗಬೇಕು ಎಂಬ ಪಾಠ ಅದರಲ್ಲಿದೆ. ಆ ಪಾಠ ಹಂಪಿಯಲ್ಲೇ ನಿಂತುಬಿಟ್ಟಿತು. ಹಂಪಿಯಿಂದ ಬಡಗಣಕ್ಕೆ ಕೃಷ್ಣೆ ದಾಟಿದರೆ ಸಿಗುವ ಅದೇ ಬಗೆಯ ಬೆಟ್ಟಗಳಿಗೆ ಅದು ತಲುಪಲಿಲ್ಲ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರ ಸೀಮೆ ಅದು. ಇಲ್ಲಿಗೊಂದು ಮೂರು ದಿನದ ಯಾನ ಗೊತ್ತುಮಾಡೋಣ. ಯಾದಗಿರಿಯಲ್ಲಿ ಕೋಟೆ ಹತ್ತಿ ಇಳಿದು, ಭೀಮೆಯನ್ನು ದಾಟಿದರೆ ಶಹಾಪುರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಸುರಪುರ ಇಪ್ಪತ್ತೈದರ ಆಸುಪಾಸು. ಲಡಾಖಿಗೆ ಹೋಗಿಬಂದವರಿಗೆ ಇದು ಒಂದು ಬೆಳಗಿನ ಓಟ. ಮೂರು ದಿನ ಏಕೆ ಬೇಕು ಎಂಬ ಪ್ರಶ್ನೆ ಸಹಜ. ದೂರ ಇಲ್ಲಿ ಅಳತೆಗೋಲಲ್ಲ ಎಂಬುದೇ ಉತ್ತರ. ಕಾಲ ನೋಡಿಕೊಳ್ಳಬೇಕು: ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ, ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋದರೆ ಹತ್ತಿ ಬಿಡಿಸುವುದು, ತೊಗರಿ ರಾಶಿ, ಬಿಳಿಜೋಳದ ಹೊಲ ಎಲ್ಲ ಕಾಣುತ್ತವೆ. ಬೆಳಗಿನ ಏಳು ಗಂಟೆಯ ಓರೆಬಿಸಿಲಲ್ಲಿ ಕಲ್ಲಿಗೆ ಇರುವ ಬಣ್ಣ ಮಧ್ಯಾಹ್ನಕ್ಕೆ ಇರುವುದಿಲ್ಲ. ಹಸಿರು ಬೆಟ್ಟ ದಿನವಿಡೀ ಚೆಂದ ಕಾಣುತ್ತದೆ, ಕಲ್ಲುಬೆಟ್ಟ ತನ್ನ ಹೊತ್ತಿಗಾಗಿ ನಮ್ಮನ್ನು ಕಾಯಿಸುತ್ತದೆ.

ಶಹಾಪುರದ ಬೆಟ್ಟಸಾಲಿನಲ್ಲಿ 'ಮಲಗಿದ ಬುದ್ಧ' ಇದ್ದಾನೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಬಂಡೆಗಳೇ. ನಿರ್ದಿಷ್ಟ ದೂರದಲ್ಲಿ, ನಿರ್ದಿಷ್ಟ ಕಡೆಯಿಂದ ನೋಡಿದರೆ ಮಾತ್ರ ಆ ರೂಪ ಕೂಡಿಬರುತ್ತದೆ. ಹತ್ತಿರ ಹೋದರೆ ಬುದ್ಧನಿಲ್ಲ, ಬಂಡೆಯ ಮೇಲೆ ಬಂಡೆ. ವಿಮರ್ಶೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ರೂಪವೆಂಬುದು ವಸ್ತುವಿನಲ್ಲಿ ಇದ್ದಷ್ಟೇ ನೋಡುವವರು ನಿಂತ ಜಾಗದಲ್ಲೂ ಇದೆ. ಅರವತ್ತರ ವೇಗದಲ್ಲಿ ಹೋಗುವ ಗಾಡಿಗೆ ಆ ಜಾಗ ಕೆಲವು ಕ್ಷಣ ಸಿಕ್ಕು ಜಾರಿಹೋಗುತ್ತದೆ. ಜನ ಅಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆದು ಹೊರಡುತ್ತಾರೆ. ಆದರೆ ಅಲ್ಲಿಂದ ದೂರವಲ್ಲದ ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ; ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ಹೆಸರು ಬರೆದ ಅಶೋಕನ ಶಿಲ್ಪವೂ ಹೊರಬಂದಿವೆ. ಇದನ್ನು ಓದಿಕೊಂಡು ಬಂದವರಿಗೆ ಆ ಬೆಟ್ಟ ಕಾಕತಾಳೀಯ ಆಕಾರವಾಗಿ ಮಾತ್ರ ಉಳಿಯುವುದಿಲ್ಲ. ಒಂದು ಕಾಲಕ್ಕೆ ಬುದ್ಧನ ಹೆಸರು ಮನೆಮಾತಾಗಿದ್ದ ನೆಲದಲ್ಲಿ ಇಂದಿನ ಜನ ಮತ್ತೆ ಅವನನ್ನು ಕಲ್ಲಿನಲ್ಲಿ ಕಂಡುಕೊಂಡಿದ್ದಾರೆ ಎಂಬ ಸಂಗತಿ ಎದುರಾಗುತ್ತದೆ.

ಶಹಾಪುರದ ಸಮೀಪವೇ ವಿಭೂತಿಹಳ್ಳಿ ಇದೆ. ಬಯಲಿನಲ್ಲಿ ಸಾಲುಸಾಲಾಗಿ ಜೋಡಿಸಿದ ನೂರಾರು ದೊಡ್ಡ ಗುಂಡುಕಲ್ಲುಗಳು. ಬೃಹತ್ ಶಿಲಾಯುಗದವರು ಇಟ್ಟವು. ಇವನ್ನು ಹೊರಲೋಕಕ್ಕೆ ಬರೆದು ತಿಳಿಸಿದವನು ಫಿಲಿಪ್ ಮೆಡೋಸ್ ಟೇಲರ್. ಇಲ್ಲಿಂದ ನಮ್ಮ ಯೋಜನೆಗೆ ಒಂದು ತೊಡಕು ಶುರುವಾಗುತ್ತದೆ.

ಟೇಲರ್ 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದ, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ, 1853ರವರೆಗೆ ಇದ್ದ. ಅವನ ಆತ್ಮಕಥೆ 'ಸ್ಟೋರಿ ಆಫ್ ಮೈ ಲೈಫ್' ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಈ ಸೀಮೆಯ ಬೆಟ್ಟಗಳನ್ನು ಇಷ್ಟು ಪ್ರೀತಿಯಿಂದ, ಇಷ್ಟು ವಿವರವಾಗಿ ಬರೆದ ಹಳೆಯ ಪುಸ್ತಕ ಇನ್ನೊಂದು ಸಿಗುವುದು ಕಷ್ಟ. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ 'ಟೇಲರ್ ಮಂಜಿಲ್' ಎಂದೇ ಇಂದಿಗೂ ಹೆಸರಾಗಿದೆ. ಬೋನಾಳದ ಕೆರೆಯನ್ನು ಸುರಪುರದ ಅರಸರು ಕಟ್ಟಿಸಿದ್ದರೆ ಅದನ್ನು ಅಭಿವೃದ್ಧಿಪಡಿಸಿದವನು ಇವನು. ಈಗ ಅದು ಪಕ್ಷಿಧಾಮ. ಹೀಗೆ ವಿಭೂತಿಹಳ್ಳಿ, ಸುರಪುರದ ಗುಡ್ಡ, ಮಂಜಿಲ್, ಬೋನಾಳ ಎಂದು ನಾವು ಪಟ್ಟಿ ಮಾಡಿಕೊಂಡರೆ, ನೂರೈವತ್ತು ವರ್ಷದ ಹಿಂದೆಯೇ ಒಬ್ಬ ಅಧಿಕಾರಿ ಗುರುತು ಹಾಕಿದ ನಿಲುಗಡೆಗಳಲ್ಲೇ ನಾವೂ ಗಾಡಿ ನಿಲ್ಲಿಸುತ್ತೇವೆ. ದಾರಿ ನಮ್ಮದೆಂದುಕೊಂಡಿರುತ್ತೇವೆ, ಕಣ್ಣು ಅವನದಾಗಿರುತ್ತದೆ.

ಟೇಲರ್‌ನ ಗದ್ಯದ ಗುಣವನ್ನು ಅಲ್ಲಗಳೆಯಬೇಕಿಲ್ಲ. ಕಂದಾಯ, ಅಳತೆ, ನೀರಿನ ಲೆಕ್ಕ ಬಲ್ಲವನ ಕೈಯಿಂದ ಬಂದ ವರ್ಣನೆಗೆ ಒಂದು ಗಟ್ಟಿತನವಿದೆ. ಅವನ ಬೆಟ್ಟ ಎಂದೂ ಬರಿ ಚಿತ್ರವಲ್ಲ. ಆದರೆ ಆ ಪುಸ್ತಕದ ಅತ್ಯಂತ ಮನಮಿಡಿಯುವ ಭಾಗವೇ ಅದರ ಮಿತಿಯನ್ನೂ ತೋರಿಸುತ್ತದೆ. ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಟೇಲರ್ ಅವನನ್ನು ತನ್ನನ್ನು 'ಅಪ್ಪಾ' ಎಂದು ಕರೆದ ಹುಡುಗನಾಗಿ, ದಾರಿ ತಪ್ಪಿದ ಸಾಕುಮಗನಾಗಿ ಬರೆಯುತ್ತಾನೆ. ಆ ದುಃಖ ಸುಳ್ಳಲ್ಲ. ಆದರೆ ತಂದೆಯ ದುಃಖದ ಭಾಷೆಯಲ್ಲಿ ರಾಜಕೀಯ ಕರಗಿಹೋಗುತ್ತದೆ: ಮಗ ತಪ್ಪಿದ ಎನ್ನಬಹುದು, ಅರಸು ಹೋರಾಡಿದ ಎನ್ನಲು ಅಲ್ಲಿ ಜಾಗವಿಲ್ಲ. ಸುರಪುರದವರ ಮಾತಿನಲ್ಲಿ ಅದೇ ವೆಂಕಟಪ್ಪ ನಾಯಕ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟ ದೊರೆ. ಸುರಪುರದ ಹತ್ತಿರದ ವಾಗಣಗೇರಾ ಕೋಟೆಯನ್ನು 1705ರಲ್ಲಿ ಸ್ವತಃ ಔರಂಗಜೇಬನೇ ಬಂದು ಮುತ್ತಬೇಕಾಯಿತು ಎಂಬುದನ್ನು ನೆನೆದರೆ, 1858 ಒಬ್ಬ ಯುವಕನ ದುಡುಕಿನಂತೆ ಕಾಣುವುದಿಲ್ಲ. ಈ ಬೆಟ್ಟಗಳಿಗೆ ರೂಢಿಯಾದ ನಡೆಯಂತೆಯೇ ಕಾಣುತ್ತದೆ.

ಆದ್ದರಿಂದ ಟೇಲರ್‌ನ ಜೊತೆಗೆ ಕಪಟರಾಳ ಕೃಷ್ಣರಾಯರ 'ಸುರಪುರ ಸಂಸ್ಥಾನದ ಇತಿಹಾಸ'ವನ್ನೂ ಚೀಲದಲ್ಲಿ ಇಡಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರು ಟೇಲರ್ ಮಂಜಿಲಿನ ಮುಂದೆ ನಿಂತಾಗ ಬರೆಯುವ ವಾಕ್ಯವೇ ಬೇರೆ. ಅಲ್ಲಿಂದ ಕಾಣುವ ನೋಟ ಚೆಂದವಿದೆ ಎನ್ನುವುದರ ಜೊತೆಗೆ, ಆ ನೋಟ ಯಾರಿಗಾಗಿ ಅಷ್ಟು ಎತ್ತರದಲ್ಲಿ ಕಟ್ಟಲ್ಪಟ್ಟಿತು ಎಂಬುದೂ ವಾಕ್ಯದೊಳಗೆ ಬರಬೇಕಾಗುತ್ತದೆ.

ಮೂರನೆಯ ದಿನವನ್ನು ಟೇಲರ್ ಕಾಣದ, ಅಥವಾ ಅವನ ಆಸಕ್ತಿಗೆ ಸಿಗದ ಕಡೆಗೆ ಇಡೋಣ. ಕೆಂಭಾವಿ ಹತ್ತಿರದ ಮುದನೂರು ದೇವರ ದಾಸಿಮಯ್ಯನ ಊರು. ನೇಯ್ಗೆಯವನ ಕೈಯ ಬಿಗಿ ಮತ್ತು ಮಿತ ಮಾತು ಅವನ ವಚನಗಳಲ್ಲಿವೆ. ಈ ಕಲ್ಲುನೆಲಕ್ಕೆ ಒಪ್ಪುವ ಶೈಲಿ ಹುಡುಕುವವರು ಮಲೆನಾಡಿನ ಉದ್ದುದ್ದ ವಾಕ್ಯಗಳನ್ನು ಬಿಟ್ಟು ಇಲ್ಲಿ ಕಲಿಯಬಹುದು. ಇತ್ತ ಹುಣಸಗಿಯ ಬಳಿ ಇಸಾಂಪುರ. ಆದಿಮಾನವರು ಸುಣ್ಣಕಲ್ಲಿನ ಪದರಗಳನ್ನು ಎಬ್ಬಿಸಿ ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗವನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಅಗೆದು ತೋರಿಸಿದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಿದ್ದಾರೆ. ನೋಡಲು ಅಲ್ಲಿ ಗೋಪುರವಿಲ್ಲ, ಜಲಪಾತವಿಲ್ಲ. ಓದದೆ ಹೋದವರಿಗೆ ಅದು ಬರಿ ಹೊಲ.

ಈ ದಾರಿಯಲ್ಲಿ ನಾರಾಯಣಪುರ ಅಣೆಕಟ್ಟಿನ ಕಾಲುವೆಗಳು ಜೊತೆಯಾಗುತ್ತವೆ. ಬಂಡೆಬೆಟ್ಟದ ಬುಡದಲ್ಲಿ ಭತ್ತದ ಗದ್ದೆ. ಕಾಲುವೆ ತಲುಪದ ಕಡೆ ಒಣಬೇಸಾಯ, ಮತ್ತು ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೊರಡುವ ಮಂದಿ. ರಸ್ತೆಯ ಮೇಲೆ ನಮ್ಮಂತೆಯೇ ಬೈಕಿನಲ್ಲಿ ಹೋಗುವವರು ಸಿಗುತ್ತಾರೆ. ಒಂದು ಗಾಡಿಯ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಇನ್ನೊಂದರ ಮೇಲೆ ಹಾಲಿನ ಕ್ಯಾನು. ಮತ್ತೊಂದರ ಮೇಲೆ ಗೊಬ್ಬರದ ಚೀಲ. ನಮ್ಮ ಬೈಕ್ ಪ್ರವಾಸದ ಬರಹಗಳಲ್ಲಿ ಗಾಡಿ ಯಾವಾಗಲೂ ಸ್ವಾತಂತ್ರ್ಯದ ಸಂಕೇತ. ಇಲ್ಲಿ ಅದು ಮನೆಯ ಏಕೈಕ ಎತ್ತು. ಒಂದೇ ಯಂತ್ರ ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ದುಡಿಮೆ ಎಂಬುದನ್ನು ಕಾಣದ ಪ್ರವಾಸ ಕಥನ ಎಷ್ಟೇ ಚೆಂದ ಬರೆದರೂ ಅರೆಗುರುಡು. ಚೆ ಗೆವಾರನಿಗೆ ಇದನ್ನು ಕಾಣಲು ಗಾಡಿ ಕೆಡಬೇಕಾಯಿತು. ನಾವು ಖಾನಾವಳಿಯಲ್ಲಿ ರೊಟ್ಟಿ ಊಟಕ್ಕೆ ಕೂತಾಗ ಎದುರಿನವರನ್ನು 'ಯಾವೂರಿನವ್ರೀ, ಎಲ್ಲಿಗೆ ಹೊಂಟೀರಿ?' ಎಂದು ಕೇಳಿದರೂ ಸಾಕು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಇಷ್ಟೆಲ್ಲ ಓದಿಕೊಂಡು ಹೋದರೆ ಪ್ರವಾಸದ ಖುಷಿ ಉಳಿಯುತ್ತದೆಯೇ? ಬೆಟ್ಟವನ್ನು ಬೆಟ್ಟವಾಗಿ ನೋಡಬಾರದೇ? ಪಿರ್ಸಿಗ್‌ನ ಕೃತಿಯಲ್ಲಿ ಅಪ್ಪ, ಮಗ ಒಂದು ಪರ್ವತ ಹತ್ತಲು ಹೊರಟು ತುದಿ ಮುಟ್ಟದೆ ಇಳಿಯುತ್ತಾರೆ. ಕಲ್ಲು ಉರುಳುವ ಭಯದಿಂದ ಅಪ್ಪ ಹಿಂದಿರುಗುವ ತೀರ್ಮಾನ ಮಾಡುತ್ತಾನೆ, ಮಗನಿಗೆ ಅದು ನಿರಾಶೆ. ಓದುಗನ ನೆನಪಿನಲ್ಲಿ ಉಳಿಯುವುದು ಮುಟ್ಟದ ಆ ತುದಿಯೇ. ಓದು ಖುಷಿಯನ್ನು ಕೊಲ್ಲುವುದಿಲ್ಲ, ಅದರ ಜಾಗ ಬದಲಿಸುತ್ತದೆ. ತುದಿ ಮುಟ್ಟಿದೆ, ಇಷ್ಟು ದೂರ ಓಡಿಸಿದೆ ಎಂಬುದರಿಂದ ಅದನ್ನು ಬಿಡಿಸಿ, ಏನನ್ನು ಕಂಡೆ ಎಂಬ ಕಡೆಗೆ ತರುತ್ತದೆ.

ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನಿಂದ ಇಂದಿನವರೆಗೂ ಪತ್ರಿಕೆಗಳಲ್ಲಿ ಅದರ ಹೆಸರಿನ ಜೊತೆ ಬರುವ ಮೊದಲ ವಿಶೇಷಣ 'ಹಿಂದುಳಿದ'. ಆ ಒಂದು ಶಬ್ದ ಸಾಕಾಗುತ್ತಿರುವುದಕ್ಕೆ ಬೇರೆ ವಾಕ್ಯಗಳು ಬರೆಯಲ್ಪಡದಿರುವುದೂ ಕಾರಣ. ಶಹಾಪುರ, ಸುರಪುರದ ಕಾಲೇಜುಗಳಲ್ಲಿ ಓದುವ, ಬೈಕ್ ಓಡಿಸುವ, ಬರೆಯಬಲ್ಲ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಅವರು ಮುಂದಿನ ರಜೆಗೆ ದಾರಿ ಗೊತ್ತುಮಾಡುವಾಗ ಲಡಾಖಿನ ನಕ್ಷೆಯನ್ನು ಹರಿದುಹಾಕಬೇಕಿಲ್ಲ. ಅದಕ್ಕೂ ಮೊದಲು ಒಂದು ಟೇಲರ್, ಒಂದು ಕಪಟರಾಳ, ಒಂದಿಷ್ಟು ದಾಸಿಮಯ್ಯನನ್ನು ಚೀಲದಲ್ಲಿಟ್ಟುಕೊಂಡು ಮೂರು ದಿನ ತಮ್ಮ ಬೆಟ್ಟಗಳನ್ನೇ ಸುತ್ತಿ ಬರಲಿ. ಕನ್ನಡದ ಪ್ರವಾಸ ಗದ್ಯಕ್ಕೆ ಇಲ್ಲದಿರುವ ಕಲ್ಲುಬೆಟ್ಟದ ಭಾಷೆಯನ್ನು ಅವರು ಬರೆದರೆ, ಅದನ್ನು ಓದಿಕೊಂಡು ಮಲೆನಾಡಿನವರೂ ಒಂದು ದಿನ ಭೀಮೆಯ ಸೇತುವೆ ದಾಟಿ ಬಂದಾರು.