‘ಸಕಲ’ ಶಬ್ದದ ಅರ್ಥವಿಚಾರ

ವಚನಗಳ ಅಭ್ಯಾಸದಲ್ಲಿ ಕಠಿಣ ಶಬ್ದಗಳಿಗಿಂತ ಪರಿಚಿತ ಶಬ್ದಗಳೇ ಹೆಚ್ಚು ತೊಡಕನ್ನೊಡ್ಡುತ್ತವೆ. ಕಠಿಣ ಶಬ್ದ ಬಂದಲ್ಲಿ ಓದುಗನು ನಿಘಂಟನ್ನು ತೆರೆಯುತ್ತಾನೆ. ಪರಿಚಿತ ಶಬ್ದ ಬಂದಲ್ಲಿ ನಿಲ್ಲದೆ ಮುಂದೆ ಸಾಗುತ್ತಾನೆ. ‘ಸಕಲ’ ಎಂಬುದು ಅಂತಹದೊಂದು ಶಬ್ದ.

ಇಂದಿನ ಬಳಕೆಯಲ್ಲಿ ‘ಸಕಲ’ವೆಂದರೆ ಎಲ್ಲ, ಸಮಸ್ತ. ಈ ಅರ್ಥ ತಪ್ಪಲ್ಲ. ಸಂಸ್ಕೃತದಲ್ಲಿಯೂ ಅದು ಉಂಟು. ಆದರೆ ಶಬ್ದದ ಒಡಲಿನಲ್ಲಿರುವುದು ‘ಕಲಾ’, ಎಂದರೆ ಅಂಶ. ಅಂಶಗಳೊಡನೆ ಕೂಡಿದುದು ಸಕಲ; ಅಂಶಗಳಿಲ್ಲದುದು ನಿಷ್ಕಲ. ಶೈವಾಗಮಗಳಲ್ಲಿ ಇವು ಪಾರಿಭಾಷಿಕ ಪದಗಳು. ಮುಖ ಕರ ಚರಣಾದಿಗಳುಳ್ಳ ಮೂರ್ತಿ ಸಕಲ. ನಿರಾಕಾರವಾದ ಪರತತ್ತ್ವ ನಿಷ್ಕಲ. ಆಕಾರವಿದ್ದೂ ಅವಯವಗಳಿಲ್ಲದ ಲಿಂಗ ಸಕಲನಿಷ್ಕಲ. ಈ ಪರಿಭಾಷೆ ವಚನಗಳಿಗೂ ಬಂದಿದೆ.

ಇದನ್ನು ಮರೆತರೆ ಎರಡು ಪ್ರಮಾದಗಳು ಒದಗುತ್ತವೆ. ‘ಸಕಲ’ವನ್ನು ಸಮಸ್ತವೆಂದು ಹಿಡಿದಾಗ ಅದರ ಎದುರಿನ ‘ನಿಷ್ಕಲ’ವು ಏನೂ ಇಲ್ಲದುದೆಂದಾಗುತ್ತದೆ. ‘ನಿಷ್ಕಳ’ವೆಂಬ ಳಕಾರದ ರೂಪವನ್ನು ಕಂಡು ‘ನಿಷ್ಕಳಂಕ’ವೆಂದು ಅರ್ಥೈಸುವುದು ಎರಡನೆಯದು. ಅಂಶವೆಂಬ ಕಲೆ ಬೇರೆ, ಮಾಸಿದ ಬಟ್ಟೆಯ ಕಲೆ ಬೇರೆ.

ಪೂರ್ಣತೆಯಲ್ಲಿಯೂ ಎರಡು ಬಗೆಯುಂಟು. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಕಟ್ಟೆ ಮುಗಿದುದು 1907ರಲ್ಲಿ. ಅದು ಕೋಡಿ ಹರಿದದ್ದು 1933ರಲ್ಲಿ. ಮತ್ತೆ ಹರಿಯಲು 2022 ಬರಬೇಕಾಯಿತು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಒಕ್ಕಲು ಮಕ್ಕಳಿಗೆ ‘ತುಂಬಿತು’ ಎಂಬ ಮಾತಿನ ಬೆಲೆ ಗೊತ್ತು. ತುಂಬಿದುದು ಇಳಿಯುವುದೆಂಬುದೂ ಗೊತ್ತು. ಹದಿನಾರು ಕಲೆಗಳ ಚಂದ್ರನೂ ಹಾಗೆಯೇ. ಕೂಡಿಸಿ ಆದ ಪೂರ್ಣತೆ ಕಳೆದರೆ ಕುಂದುತ್ತದೆ. ನಿಷ್ಕಲದ ಪೂರ್ಣತೆ ಕೂಡಿಸಿ ಆದುದಲ್ಲ; ಕಳೆಯುವುದಕ್ಕೆ ಅಲ್ಲಿ ಅಂಶವೇ ಇಲ್ಲ. ಅದನ್ನೇ ಶರಣರು ಶೂನ್ಯವೆಂದೂ ಬಯಲೆಂದೂ ಕರೆದರು. ಶೂನ್ಯವೆಂದರೆ ಕೊರತೆಯೇ ಆಗಿದ್ದರೆ ‘ಶೂನ್ಯಸಂಪಾದನೆ’ ಎಂಬ ಗ್ರಂಥನಾಮಕ್ಕೆ ಅರ್ಥವೇನು? ಇಲ್ಲದುದನ್ನು ಯಾರು ಸಂಪಾದಿಸಿಯಾರು?

ಹಾಗೆಂದು ಕಂಡಕಂಡಲ್ಲೆಲ್ಲ ಪರಿಭಾಷೆಯನ್ನು ಹೇರುವುದೂ ಸಲ್ಲದು. ‘ಸಕಲ ಜೀವ’ರೆಂಬಲ್ಲಿ ಎಲ್ಲ ಜೀವರೆಂದೇ ಅರ್ಥ. ನಿಷ್ಕಲ, ನಿರವಯ, ಅಖಂಡ ಮೊದಲಾದ ಶಬ್ದಗಳು ನೆರೆಯಲ್ಲಿದ್ದರೆ ಮಾತ್ರ ಅಂಶಸಹಿತವೆಂಬ ಅರ್ಥವನ್ನು ಮೊದಲು ಪರಿಶೀಲಿಸಬೇಕು.

1993ರಲ್ಲಿ ಕರ್ನಾಟಕ ಸರ್ಕಾರವು ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಬಿಡಿಬಿಡಿಯಾಗಿದ್ದ ಪಾಠ ಒಂದೆಡೆ ದೊರೆತುದು ದೊಡ್ಡ ಉಪಕಾರ. ಆದರೆ ಪಾಠವು ಸಮಗ್ರವಾಗಿ ದೊರೆತ ಮಾತ್ರಕ್ಕೆ ಅರ್ಥವೂ ಸಮಗ್ರವಾಗಿ ದೊರೆತಂತಾಗಲಿಲ್ಲ. ಆ ಕೆಲಸ ಒಂದೊಂದು ಶಬ್ದದ ಎದುರಿನಲ್ಲಿ ನಿಂತು ಆಗಬೇಕಾದುದು.